ತರಬೇತಿಯ ಫಲವನ್ನು ವಾರ್ಡಿನಲ್ಲಿ ನೋಡಿ

ಪ್ರಶ್ನೆ: ನಾನು ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್. ಪ್ರತಿ ತಿಂಗಳೂ ನಮ್ಮ ಸ್ಟಾಫ್ ನರ್ಸ್‌ಗಳಿಗೆ ತರಬೇತಿ ನಡೆಸುತ್ತೇವೆ. ಕೊನೆಯಲ್ಲಿ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರದಲ್ಲಿ ಹೆಚ್ಚುಕಡಿಮೆ ಎಲ್ಲರೂ ‘ಉತ್ತಮ’ ಎಂದೇ ಗುರುತು ಹಾಕುತ್ತಾರೆ. ಆದರೆ ಇದರಿಂದ ಏನು ಪ್ರಯೋಜನವಾಯಿತೆಂದು ಆಡಳಿತ ಮಂಡಳಿ ಕೇಳಿದರೆ ಹೇಳಲು ಏನೂ ಇರುವುದಿಲ್ಲ. ಮೌಲ್ಯಮಾಪನ ಹೇಗೆ ಮಾಡಬೇಕು?
– ಹೆಸರು ಬೇಡ, ತುಮಕೂರು

ಉತ್ತರ: ಅಭಿಪ್ರಾಯ ಪತ್ರದಿಂದ ತಿಳಿಯುವುದು ಉಪನ್ಯಾಸ ಹಿಡಿಸಿತೇ ಎಂಬುದಷ್ಟೇ. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಆರಂಭಿಸಿದ ಲೇಖನಮಾಲೆಯಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಹಂತಗಳನ್ನು ಸೂಚಿಸಿದರು: ಕಲಿತವರಿಗೆ ಹೇಗನ್ನಿಸಿತು, ಏನು ಕಲಿತರು, ಕೆಲಸದಲ್ಲಿ ಏನು ಬದಲಾಯಿತು, ಕೊನೆಗೆ ಅದರ ಪರಿಣಾಮವೇನು. ನೀವು ಮೊದಲನೆಯದರಲ್ಲೇ ನಿಂತಿದ್ದೀರಿ. ನನ್ನ ದೃಷ್ಟಿಯಲ್ಲಿ ನಿಮ್ಮ ಶ್ರಮವೆಲ್ಲ ಸಲ್ಲಬೇಕಾದದ್ದು ಮೂರನೆಯದಕ್ಕೆ.

ಇನ್ಸುಲಿನ್ ತರಬೇತಿಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ವಯಲ್‌ಗಳೂ (ಔಷಧದ ಸೀಸೆಗಳೂ) 100 ಯೂನಿಟ್ ಇರುವವೂ ಬಳಕೆಯಲ್ಲಿವೆ. ಎರಡಕ್ಕೂ ಸಿರಿಂಜ್ ಬೇರೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಅದೇ ಗೆರೆಯವರೆಗೆ ಎಳೆದರೆ ರೋಗಿಗೆ ಎರಡೂವರೆ ಪಟ್ಟು ಇನ್ಸುಲಿನ್ ಹೋಗುತ್ತದೆ. ಪರೀಕ್ಷೆಯಲ್ಲಿ ಇದನ್ನು ಸರಿಯಾಗಿ ಬರೆದ ನರ್ಸ್, ರಾತ್ರಿ ಪಾಳಿಯಲ್ಲಿ ಔಷಧದ ಟ್ರಾಲಿಯ ಮುಂದೆ ನಿಂತಾಗ ವಯಲ್‌ನ ಲೇಬಲ್ಲನ್ನೂ ಸಿರಿಂಜನ್ನೂ ಹೋಲಿಸಿ ನೋಡುತ್ತಾರೆಯೇ, ಎಳೆದ ಪ್ರಮಾಣವನ್ನು ಇನ್ನೊಬ್ಬರಿಗೆ ತೋರಿಸುತ್ತಾರೆಯೇ, ಊಟದ ತಟ್ಟೆ ಬಂದಿರುವುದನ್ನು ಖಚಿತಪಡಿಸಿಕೊಳ್ಳುತ್ತಾರೆಯೇ ಎಂಬುದನ್ನು ಒಂದು ಚಿಕ್ಕ ಪರಿಶೀಲನಾ ಪಟ್ಟಿ ಹಿಡಿದು ಗಮನಿಸಿ. ಇದೇ ಪಟ್ಟಿಯಿಂದ ತರಬೇತಿಗೆ ಮುಂಚೆಯೂ ಒಮ್ಮೆ ನೋಡಿಟ್ಟಿರಬೇಕು; ಮೊದಲಿನ ಸ್ಥಿತಿ ದಾಖಲಾಗದೆ ಬದಲಾವಣೆಯ ಮಾತೇ ಬರುವುದಿಲ್ಲ.

ತರಬೇತಿ ಮುಗಿದ ವಾರದಲ್ಲೇ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಹೃದಯ ಸ್ತಂಭನವಾದಾಗ ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಎದೆಯೊತ್ತುವ ಕೌಶಲ ಅಭ್ಯಾಸವಿಲ್ಲದಿದ್ದರೆ ಕೆಲವೇ ತಿಂಗಳುಗಳಲ್ಲಿ ಕುಂದುತ್ತದೆ. ಪ್ರಮಾಣಪತ್ರ ಮಾತ್ರ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ಮೂರು ತಿಂಗಳ ಬಳಿಕ, ಮುನ್ಸೂಚನೆ ಕೊಡದೆ, ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಮೇಲೆ ಮತ್ತೆ ಮಾಡಿಸಿ ನೋಡಿ.

ಗಮನಿಸಿದ್ದನ್ನು ದಯವಿಟ್ಟು ಮೆಮೊ ಕೊಡಲು ಬಳಸಬೇಡಿ. ಒಮ್ಮೆ ಭಯ ಹೊಕ್ಕರೆ ತಪ್ಪುಗಳು ರಿಜಿಸ್ಟರಿಗೆ ಬರುವುದೇ ನಿಂತುಹೋಗುತ್ತದೆ. ಕಲಿತದ್ದನ್ನು ನರ್ಸ್ ಮಾಡದಿದ್ದರೆ ಏಕೆಂದು ಅವರನ್ನೇ ಕೇಳಿ: ಕೈ ತೊಳೆಯುವ ದ್ರಾವಣ ಹಾಸಿಗೆಯ ಬಳಿ ಇಲ್ಲದಿರಬಹುದು, ಒಂದೇ ಪಾಳಿಯಲ್ಲಿ ಒಬ್ಬರೇ ವಾರ್ಡನ್ನೆಲ್ಲ ನೋಡುತ್ತಿರಬಹುದು. ಅಂಥ ಕಡೆ ಇನ್ನೊಂದು ಉಪನ್ಯಾಸ ಏರ್ಪಡಿಸುವುದು ಅವರಿಗೆ ಮಾಡುವ ಅನ್ಯಾಯ.

ನಾಲ್ಕನೆಯ ಹಂತದಲ್ಲಿ ಎಚ್ಚರ ಬೇಕು. ರೋಗಿಯ ದೇಹದೊಳಗೆ ಇಡುವ ಕೊಳವೆಯಿಂದ, ಅಂದರೆ ಕ್ಯಾತಿಟರ್‌ನಿಂದ, ಬರುವ ಸೋಂಕು ಇಳಿದರೆ ಅದಕ್ಕೆ ತರಬೇತಿಯೊಂದೇ ಕಾರಣವೆನ್ನಲಾಗದು; ರೋಗಿಗಳ ಸ್ಥಿತಿ, ಸಾಮಗ್ರಿ, ವೈದ್ಯರ ಕ್ರಮ ಎಲ್ಲವೂ ಸೇರಿರುತ್ತವೆ. ಹಲವು ತಿಂಗಳ ಅಂಕಿಗಳನ್ನು, ಸಾವಿರ ಕ್ಯಾತಿಟರ್ ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಕ್ಯಾತಿಟರ್ ಇದ್ದರೆ ಅದು ಒಂದು ಕ್ಯಾತಿಟರ್ ದಿನ) ಎಷ್ಟು ಎಂಬ ಲೆಕ್ಕದಲ್ಲಿ, ಒಟ್ಟಿಗಿಟ್ಟು ನೋಡಿ.

ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲು 150 ಗಂಟೆಗಳ ನಿರಂತರ ಶಿಕ್ಷಣ ಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತು ನಿಗದಿಪಡಿಸಿರುವುದರಿಂದ ಹಾಜರಿ ಪುಸ್ತಕ ಇಡಲೇಬೇಕು. ಆಡಳಿತ ಮಂಡಳಿಯ ಮುಂದೆ ಮಾತ್ರ ಗಂಟೆಗಳ ಲೆಕ್ಕವನ್ನು ಬದಿಗಿಟ್ಟು, ಒಂದೇ ವಾರ್ಡಿನ, ಒಂದೇ ವಿಷಯದ, ತರಬೇತಿಗೆ ಮುಂಚಿನ ಮತ್ತು ಮೂರು ತಿಂಗಳ ನಂತರದ ಪರಿಶೀಲನಾ ಪಟ್ಟಿಗಳನ್ನು ಅಕ್ಕಪಕ್ಕ ಇಡಿ. ಬದಲಾಗದೆ ಉಳಿದ ಅಂಶಗಳಿಗೆ ಯಾವ ಸಾಮಗ್ರಿ, ಎಷ್ಟು ಸಿಬ್ಬಂದಿ ಬೇಕೆಂಬುದನ್ನೂ ಅದೇ ಸಭೆಯಲ್ಲಿ ಕೇಳಿ.