0.22 ಮೈಕ್ರಾನ್ ಫಿಲ್ಟರ್ ಒಂದೇ ತರಿಸಿಟ್ಟರೆ ಲ್ಯಾಬಿನ ಎಲ್ಲ ಕೆಲಸಕ್ಕೂ ಸಾಕಾ?

"0.22 ಎಲ್ಲವನ್ನೂ ತಡೆಯುತ್ತದಲ್ಲ, ಮತ್ತೆ 0.45 ಯಾಕೆ? ಒಂದೇ ಬಗೆಯ ಮೆಂಬ್ರೇನ್ ಫಿಲ್ಟರ್ ಡಬ್ಬಿಗಟ್ಟಲೆ ತರಿಸಿದರೆ ಆಗದೇ?" ಅಂತ ಕೇಳಿದ್ದೀರಿ. (ಮೆಂಬ್ರೇನ್ ಫಿಲ್ಟರ್ ಅಂದರೆ ದ್ರವದಿಂದ ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆಯುವ ತೆಳು ಹಾಳೆ; 0.22, 0.45 ಅದರ ರಂಧ್ರದ ಅಳತೆ, ಮೈಕ್ರಾನ್ ಲೆಕ್ಕದಲ್ಲಿ.) ಪಿಎಚ್‌ಡಿಯ ಎರಡನೇ ವರ್ಷದಲ್ಲಿ ನನ್ನ ತಲೆಯಲ್ಲೂ ಥೇಟ್ ಇದೇ ಲೆಕ್ಕ ಇತ್ತು. ಮೂರು ತಿಂಗಳು ಮಣ್ಣುಪಾಲಾಯಿತು.

ಬೆಂಗಳೂರಿನ ಒಂದು ಲ್ಯಾಬು. ಇಲಿ ಭ್ರೂಣದ ಮಿದುಳಿನಿಂದ ತೆಗೆದ ನರ ಕಾಂಡಕೋಶಗಳನ್ನು (ಮಿದುಳಿನ ಬೇರೆ ಬೇರೆ ಕೋಶಗಳಾಗಬಲ್ಲ ಮೂಲಕೋಶಗಳು) ಬೆಳೆಸುವುದು ನನ್ನ ಕೆಲಸ. ಇವಕ್ಕೆ ಸೀರಮ್ (ರಕ್ತದ ತಿಳಿ) ಹಾಕುವ ಹಾಗಿಲ್ಲ, ಹಾಕಿದರೆ ಕಾಂಡಕೋಶಗಳಾಗಿ ಉಳಿಯುವುದಿಲ್ಲ. ನನ್ನ ಕೋಶಗಳು ನಂಬಿಕೊಂಡಿದ್ದು ಎಫ್‌ಜಿಎಫ್-2 ಅನ್ನುವ ಒಂದು ಪ್ರೋಟೀನನ್ನು. ಕೋಶಗಳು ಬೆಳೆಯುವ ಪೋಷಕ ದ್ರವದ, ಅಂದರೆ ಮೀಡಿಯಮ್ಮಿನ, ಒಂದು ಮಿಲಿಲೀಟರಿಗೆ 20 ನ್ಯಾನೋಗ್ರಾಂ ಸಾಕು, ವಾರದಲ್ಲಿ ಕೋಶಗಳು ಒಟ್ಟುಗೂಡಿ ಬೇಯಿಸಿದ ಸಾಬಕ್ಕಿಯ ಹಾಗೆ ದುಂಡಗಾಗಿ ತೇಲುತ್ತವೆ.

ಈ ಪ್ರೋಟೀನು ಬರುವುದು ಪುಟ್ಟ ವಯಲ್‌ನಲ್ಲಿ, 10 ಮೈಕ್ರೋಗ್ರಾಂ ಪುಡಿಯಾಗಿ. ಕಣ್ಣಿಗೂ ಸರಿಯಾಗಿ ಕಾಣದು. ಅದನ್ನು ಒಂದು ಮಿಲಿಲೀಟರ್ ಉಪ್ಪಿನ ದ್ರಾವಣದಲ್ಲಿ, ಅಂದರೆ ಬಫರ್‌ನಲ್ಲಿ ಕರಗಿಸಿದೆ. ಹಿಂದಿನ ತಿಂಗಳು ನನ್ನ ಪ್ಲೇಟುಗಳಿಗೆಲ್ಲ ಬೂಷ್ಟು ಹಿಡಿದಿತ್ತು, ಆ ಭಯಕ್ಕೆ ಇದನ್ನೂ ಒಮ್ಮೆ ಸೋಸಿಬಿಡೋಣ ಅನ್ನಿಸಿತು. (ಪ್ರೋಟೀನು ಕಂಪನಿಯಿಂದಲೇ ಸ್ಟೆರೈಲ್ ಆಗಿ, ಅಂದರೆ ಸೂಕ್ಷ್ಮಜೀವಿಗಳಿಲ್ಲದೆ, ಬಂದಿತ್ತು. ಜೊತೆಗಿದ್ದ ಚೀಟಿಯಲ್ಲಿ ಬರೆದೂ ಇತ್ತು. ಓದಿದವರು ಯಾರು?) ಡ್ರಾಯರಿನಲ್ಲಿ 25 ಮಿಲಿಮೀಟರ್ ಫಿಲ್ಟರ್ ಡಿಸ್ಕ್‌ಗಳ ಹಳೆಯ ಡಬ್ಬಿಯೂ ಸ್ಟೀಲಿನ ಹೋಲ್ಡರೂ ಇದ್ದವು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 0.22, ಅದರ ಕೆಳಗೆ ಸಣ್ಣಕ್ಷರದಲ್ಲಿ ಮಿಕ್ಸೆಡ್ ಸೆಲ್ಯುಲೋಸ್ ಎಸ್ಟರ್. ನಾನು ನೋಡಿದ್ದು ದಪ್ಪಕ್ಷರ ಮಾತ್ರ.

ನನ್ನ ತರ್ಕ ಕೇಳಿ. ಎಫ್‌ಜಿಎಫ್-2ರ ಅಗಲ ಕೆಲವೇ ನ್ಯಾನೋಮೀಟರ್, ಫಿಲ್ಟರಿನ ರಂಧ್ರ 220 ನ್ಯಾನೋಮೀಟರ್. ಹೆಬ್ಬಾಗಿಲಲ್ಲಿ ಇರುವೆ ಹೋದಂತೆ ಹೋಗುತ್ತದೆ, ಬ್ಯಾಕ್ಟೀರಿಯಾ ಹಿಂದೆ ಉಳಿಯುತ್ತದೆ. ಲೆಕ್ಕದಲ್ಲಿ ತಪ್ಪೇನಿಲ್ಲ. ಫಿಲ್ಟರು ಜರಡಿ ಅಂದುಕೊಂಡೆನಲ್ಲ, ಅಲ್ಲೇ ಎಡವಿದ್ದು.

ಗೋಳಗಳು ಬರಲಿಲ್ಲ. ಮೊದಲು ಕೋಶಗಳನ್ನು ಬೈದೆ, ಆಮೇಲೆ ಇನ್‌ಕ್ಯುಬೇಟರನ್ನು, ಆಮೇಲೆ ನೀರನ್ನು. ಮೈಕೋಪ್ಲಾಸ್ಮಾ ಅನ್ನುವ ಪುಟಾಣಿ ಬ್ಯಾಕ್ಟೀರಿಯಾ ಇರಬಹುದೆಂದು ಪರೀಕ್ಷೆಯನ್ನೂ ಮಾಡಿಸಿದೆ. ಎರಡನೇ ವಯಲ್ ಒಡೆದೆ, ಮೂರನೆಯದನ್ನೂ ಒಡೆದೆ. ಪ್ರತಿ ಸಲವೂ ಭಕ್ತಿಯಿಂದ ಸೋಸಿದೆ. ನಮ್ಮ ಸರ್ ಏನೂ ಅನ್ನಲಿಲ್ಲ, ಅದೇ ಹೆಚ್ಚು ಹಿಂಸೆ.

ಕೊನೆಗೆ ಹಿಡಿದವರು ಪಕ್ಕದ ಲ್ಯಾಬಿನ ಟೆಕ್ನಿಷಿಯನ್ ಅಣ್ಣ, ಪುತ್ತೂರಿನ ಕಡೆಯವರು. "ಎಂಥ ಫಿಲ್ಟರ್ ಹಾಕಿದ್ದು?" ಅಂದರು. 0.22 ಅಂದೆ. "ಸೈಜ್ ಕೇಳಿದ್ದಲ್ಲ ಮಾರಾಯ, ಎಂತದ್ರಿಂದ ಮಾಡಿದ್ದು?" ಡಬ್ಬಿ ತಂದು ತೋರಿಸಿದೆ. ಅವರು ನಗಲಿಲ್ಲ. "ವೆಸ್ಟರ್ನ್ ಬ್ಲಾಟ್ ಮಾಡ್ತೀರಲ್ಲ, ಆ ಬಿಳಿ ಹಾಳೆ ಎಂತದ್ದು?" ಅಂದರು.

ನೈಟ್ರೋಸೆಲ್ಯುಲೋಸ್. ವೆಸ್ಟರ್ನ್ ಬ್ಲಾಟ್, ಅಂದರೆ ಪ್ರೋಟೀನು ಪತ್ತೆಹಚ್ಚುವ ಪರೀಕ್ಷೆಯಲ್ಲಿ, ಪ್ರೋಟೀನನ್ನು ಹಿಡಿದಿಟ್ಟುಕೊಳ್ಳಲಿ ಎಂದೇ ವಾರ ವಾರ ನಾನು ಬಳಸುತ್ತಿದ್ದ ಹಾಳೆ. ಡಬ್ಬಿಯಲ್ಲಿದ್ದ ಮಿಕ್ಸೆಡ್ ಎಸ್ಟರ್ ಅಂದರೆ ನೈಟ್ರೋಸೆಲ್ಯುಲೋಸಿಗೆ ಸ್ವಲ್ಪ ಸೆಲ್ಯುಲೋಸ್ ಅಸಿಟೇಟ್ ಬೆರೆಸಿದ್ದು. ಅದೇ ಮನೆತನ. ಒಂದು ಚದರ ಸೆಂಟಿಮೀಟರಿಗೆ ಸುಮಾರು 80ರಿಂದ 100 ಮೈಕ್ರೋಗ್ರಾಂ ಪ್ರೋಟೀನು ಹಿಡಿಯುತ್ತದೆ. ನನ್ನ ಡಿಸ್ಕಿನಲ್ಲಿ ದ್ರವ ತಾಗುವ ಜಾಗ ಸುಮಾರು 4 ಚದರ ಸೆಂಟಿಮೀಟರ್, ಅಂದರೆ 300 ಮೈಕ್ರೋಗ್ರಾಮಿಗೂ ಮಿಕ್ಕಿ ನುಂಗುವ ಬಾಯಿ. ಅದಕ್ಕೆ ನಾನು ಉಣಿಸಿದ್ದು 10! ಆ ಸಂಜೆಯೇ ಸೋಸುವ ಮುಂಚಿನದು 2 ಮೈಕ್ರೋಲೀಟರ್, ಸೋಸಿದ ಮೇಲಿನದು 2 ಮೈಕ್ರೋಲೀಟರ್ ಬ್ಲಾಟಿನ ಹಾಳೆಯ ಮೇಲೆ ಬೊಟ್ಟಿಟ್ಟು ಆ ಪ್ರೋಟೀನನ್ನು ಗುರುತಿಸುವ ಆಂಟಿಬಾಡಿ ಹಾಕಿ ನೋಡಿದೆವು. ಮೊದಲನೆಯದು ಕಪ್ಪಗೆ, ಎರಡನೆಯದು ಖಾಲಿ. ಮೂರು ತಿಂಗಳು ನನ್ನ ಕೋಶಗಳಿಗೆ ಬರೀ ಬಫರ್ ಕುಡಿಸಿದ್ದೆ.

ಬಫರ್‌ಗೆ ಶೇಕಡಾ 0.1ರಷ್ಟು ದನದ ರಕ್ತದ ಪ್ರೋಟೀನು, ಅಂದರೆ ಬಿಎಸ್‌ಎ ಹಾಕಿ ಅಂತ ಅದೇ ಚೀಟಿಯಲ್ಲಿತ್ತು. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಸವರಿಕೊಳ್ಳುವುದಿಲ್ಲವೇ, ಹಾಗೆ. ಅಗ್ಗದ ಪ್ರೋಟೀನು ಮೊದಲು ಹೋಗಿ ಅಂಟುವ ಜಾಗಗಳಲ್ಲಿ ಕೂತುಬಿಟ್ಟರೆ ದುಬಾರಿಯದು ಉಳಿಯುತ್ತದೆ. ಟ್ಯೂಬಿನ ಗೋಡೆಗೂ ಇದೇ ಮಾತು.

ಹಾಗಾಗಿ ನೀವು ಕೇಳಿದ ಪ್ರಶ್ನೆಯೇ ತಪ್ಪು ಅಂತೀನಿ, ಬೇಜಾರು ಮಾಡಿಕೊಳ್ಳಬೇಡಿ. ಮೊದಲು ಕೇಳಬೇಕಾದ್ದು ಫಿಲ್ಟರನ್ನು ಯಾವುದರಿಂದ ಮಾಡಿದ್ದಾರೆ ಅಂತ. ಪ್ರೋಟೀನು ಇದ್ದರೆ ಅದನ್ನು ಅಷ್ಟಾಗಿ ಹಿಡಿಯದ ಪ್ಲಾಸ್ಟಿಕ್ಕುಗಳು: ಪಿಇಎಸ್, ಇಲ್ಲವೇ ನೀರು ಹೀರುವ ಬಗೆಯ ಪಿವಿಡಿಎಫ್. ನೀರು ಒಲ್ಲದ ಪಿವಿಡಿಎಫ್ ಕೂಡ ಇದೆ, ಅದು ಬ್ಲಾಟಿಂಗ್‌ಗೆ. ಹೆಸರು ಒಂದೇ, ಸ್ವಭಾವ ತದ್ವಿರುದ್ಧ. ನನ್ನ ಹಟ ಕೇಳಿದರೆ, ಮೀಡಿಯಮ್ ಮಾತ್ರ ಸೋಸಿ, ಸ್ಟೆರೈಲ್ ಆಗಿ ಬಂದ ಪ್ರೋಟೀನನ್ನು ಆಮೇಲೆ ಸೇರಿಸಿ. ಡಿಎಂಎಸ್‌ಒ ಅನ್ನುವ ದ್ರಾವಕದಲ್ಲಿ ಕರಗಿಸಿದ ಔಷಧಿಯಾದರೆ ಅದರಲ್ಲಿ ಕರಗದ ಪಿಟಿಎಫ್‌ಇ (ಟೆಫ್ಲಾನ್). ನಮ್ಮ ಜೂನಿಯರ್ ಒಬ್ಬ ಸೆಲ್ಯುಲೋಸ್ ಅಸಿಟೇಟಿನಲ್ಲಿ ಒತ್ತಿದ್ದ, ಫಿಲ್ಟರೇ ಕರಗಿ ಸ್ಯಾಂಪಲ್ ಸೇರಿತು.

ಇನ್ನು 0.22 ಎಲ್ಲವನ್ನೂ ತಡೆಯುತ್ತದೆ ಅನ್ನುವುದು. ಒಂದು ಕಾಲದಲ್ಲಿ 0.45ರ ಬಗ್ಗೆಯೂ ಹೀಗೇ ಅನ್ನುತ್ತಿದ್ದರು. 1960ರ ಸುಮಾರಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಫ್ರಾನ್ಸಿಸ್ ಬೌಮನ್ ಅದನ್ನು ದಾಟಿ ಬರುವ ಬ್ಯಾಕ್ಟೀರಿಯಾ ಕಂಡರು. ಆ ಬ್ಯಾಕ್ಟೀರಿಯಾಕ್ಕೆ ಈಗ ಬ್ರೆವುಂಡಿಮೊನಾಸ್ ಡಿಮಿನ್ಯೂಟಾ ಅನ್ನುತ್ತಾರೆ, 0.22 ಫಿಲ್ಟರುಗಳಿಗೆ ಪರೀಕ್ಷೆ ಇಡುವುದು ಅದರಿಂದಲೇ. ಆದರೆ ಕೋಶದ ಗೋಡೆಯೇ ಇಲ್ಲದ ಮೈಕೋಪ್ಲಾಸ್ಮಾ 0.22ರಲ್ಲೂ ನುಸುಳಬಲ್ಲದು, ಅದಕ್ಕೆ 0.1 ಬೇಕು. ವೈರಸ್ಸಿನ ಮಾತಂತೂ ಬೇಡ.

0.45ನ್ನೂ ಕೈಬಿಡಬೇಡಿ. ಕುಡಿಯುವ ನೀರಿನ ಕೋಲಿಫಾರ್ಮ್ (ನೀರು ಮಲಿನವಾಗಿದೆ ಎಂದು ಸೂಚಿಸುವ ಬ್ಯಾಕ್ಟೀರಿಯಾ) ಎಣಿಸಲು 47 ಮಿಲಿಮೀಟರಿನ ಗೆರೆ ಹಾಕಿದ ಡಿಸ್ಕಿನಲ್ಲಿ 100 ಮಿಲಿಲೀಟರ್ ಸೋಸಿ ಅದನ್ನೇ ಪ್ಲೇಟಿನ ಮೇಲೆ ಮಲಗಿಸುತ್ತಾರೆ. ಅಲ್ಲಿ ಅದೇ ಸರಿ.

ನನ್ನ ಆ ಹಳೆಯ ಡಬ್ಬಿಯನ್ನು ಎಸೆಯಲಿಲ್ಲ. ಉಳಿದ ಡಿಸ್ಕ್‌ಗಳೆಲ್ಲ ಉಪ್ಪಿನ ಬಫರ್ ಸೋಸಲು ಖರ್ಚಾದವು. ಅದರಲ್ಲಿ ಅಂಟಿಕೊಳ್ಳುವಂಥದ್ದು ಏನೂ ಇರಲಿಲ್ಲ ನೋಡಿ.