ದಸರಾ ರಜೆಗೆ ಕುನ್‌ಮಿಂಗ್: ತಾರೀಖು ನೋಡದೆ ಹೊರಟವನ ಉತ್ತರ

ಅಕ್ಟೋಬರ್ ಮೊದಲ ವಾರದಲ್ಲಿ, ಎಪ್ಪತ್ತು ದಾಟಿದ ತಾಯಿಯವರನ್ನೂ ಮಕ್ಕಳನ್ನೂ ಕರೆದುಕೊಂಡು, ಎಂಟು ದಿನಗಳಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದ ಕುನ್‌ಮಿಂಗ್, ದಾಲಿ, ಲಿಜಿಯಾಂಗ್, ಶಾಂಗ್ರಿಲಾ ನಾಲ್ಕನ್ನೂ ನೋಡಬಹುದೇ, ಆಗದಿದ್ದರೆ ಯಾವುದನ್ನು ಬಿಡಲಿ, ಕುನ್‌ಮಿಂಗ್‌ನ ಹವೆ ಹೇಗೂ ಬೆಂಗಳೂರಿನದೇ ಆದ್ದರಿಂದ ಅಲ್ಲಿ ಅರ್ಧ ದಿನ ಸಾಕೇ ಎಂದು ಕೇಳಿದ್ದೀರಿ. ತಾಯಿಯ ಬದಲು ತಂದೆ, ಮಕ್ಕಳ ಬದಲು ಒಬ್ಬಳೇ ಮಗಳು ಎಂದು ತಿದ್ದಿಕೊಂಡರೆ, 2019ರಲ್ಲಿ ನಾನು ಹಾಕಿದ್ದ ಯೋಜನೆ ಇದೇ.

ಆ ವರ್ಷ ಸೆಪ್ಟೆಂಬರ್ 29ಕ್ಕೆ ನವರಾತ್ರಿ ಆರಂಭ, ಅಕ್ಟೋಬರ್ 8ಕ್ಕೆ ವಿಜಯದಶಮಿ. ದಸರಾ ನಮ್ಮ ಹಬ್ಬ, ಚೀನಾದಲ್ಲಿ ಅದು ಇಲ್ಲ. ಮೈಸೂರು, ಮಡಿಕೇರಿಗಳಲ್ಲಿ ಕಾಲಿಡಲು ಜಾಗವಿಲ್ಲದ ದಿನಗಳಲ್ಲಿ ಅಲ್ಲಿ ಎಲ್ಲವೂ ಖಾಲಿಯಾಗಿರುತ್ತದೆ ಎಂಬುದು ನನ್ನ ತರ್ಕವಾಗಿತ್ತು. ಪಂಚಾಂಗ ನೋಡಿ ರಜೆ ಹೊಂದಿಸಿದವನು ಹೋಗುವ ಊರಿನ ಕ್ಯಾಲೆಂಡರ್ ನೋಡಲಿಲ್ಲ. 1949ರ ಅಕ್ಟೋಬರ್ 1ರಂದು ಚೀನಾ ಜನತಾ ಗಣರಾಜ್ಯದ ಘೋಷಣೆಯಾಯಿತು, ಪ್ರತಿ ವರ್ಷ ಆ ತಾರೀಖಿನಿಂದ ಏಳು ದಿನ ಇಡೀ ದೇಶಕ್ಕೆ ರಜೆ. ಅದನ್ನು ಅವರು ಸುವರ್ಣ ವಾರ ಎನ್ನುತ್ತಾರೆ. 2019 ಎಂದರೆ ಎಪ್ಪತ್ತನೆಯ ವರ್ಷ. ಅವರ ಹೊಸ ವರ್ಷದ ರಜೆಯಲ್ಲಿ ಜನ ಊರಿಗೆ, ಮನೆಗೆ ಹೋಗುತ್ತಾರೆ; ಈ ರಜೆಯಲ್ಲಿ ಪ್ರವಾಸಕ್ಕೆ ಹೋಗುತ್ತಾರೆ. ವ್ಯತ್ಯಾಸ ಸಣ್ಣದೆಂದು ತೋರಬಹುದು, ಆದರೆ ಪ್ರವಾಸಿಗೆ ಎಲ್ಲವೂ ಆ ವ್ಯತ್ಯಾಸದಲ್ಲಿಯೇ ಇದೆ.

ಸೂಚನೆಗಳು ಬೇಕಾದಷ್ಟಿದ್ದವು. ಕೋಲ್ಕತ್ತಾದಿಂದ ಕುನ್‌ಮಿಂಗ್‌ಗೆ ಆಗ ನೇರ ವಿಮಾನವಿತ್ತು, ಅದರ ಟಿಕೆಟ್ ನಿರೀಕ್ಷೆಗಿಂತ ಅಗ್ಗವಾಗಿ ಸಿಕ್ಕಿತು. ಅದು ಅಲ್ಲಿನವರು ಹೊರದೇಶಕ್ಕೆ ಹೊರಡುವ ವಾರ, ಆದ್ದರಿಂದ ಎದುರು ದಿಕ್ಕಿನ ವಿಮಾನ ಖಾಲಿ ಇದೆ ಎಂದು ಹೊಳೆಯದೆ, ನನ್ನ ಅದೃಷ್ಟವೆಂದುಕೊಂಡೆ. ಲಿಜಿಯಾಂಗ್‌ನಲ್ಲಿ ಕೋಣೆಯ ಬಾಡಿಗೆ, ಹಿಂದೆ ಹೋಗಿದ್ದ ಸ್ನೇಹಿತರು ಹೇಳಿದ್ದಕ್ಕಿಂತ ಮೂರು ಪಟ್ಟಿತ್ತು. ಬೆಲೆ ಏರಿರಬೇಕೆಂದು ಮುಂಗಡ ಕಟ್ಟಿದೆ. ದಾಲಿಗೆ ಎರಡು ಗಂಟೆಯ ವೇಗದ ರೈಲಿದೆ, ಟಿಕೆಟನ್ನು ಅಲ್ಲಿ ಇಳಿದ ಮೇಲೆ ಕೊಂಡರಾಯಿತು ಎಂದುಕೊಂಡಿದ್ದೆ. ಸೆಪ್ಟೆಂಬರ್ 30ರ ಮಧ್ಯಾಹ್ನ ನಿಲ್ದಾಣದ ಕಿಟಕಿಯಲ್ಲಿ ಕುಳಿತಿದ್ದಾಕೆ ಮರುದಿನದ ಎಲ್ಲ ರೈಲುಗಳ ಪಟ್ಟಿಯನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದಳು. ಒಂದರಲ್ಲೂ ಆಸನವಿರಲಿಲ್ಲ.

ಆಗಲಾದರೂ ನಿಲ್ಲಬೇಕಿತ್ತು. ನಾನು ಕಾರು ಗೊತ್ತುಮಾಡಿದೆ. ಆ ವಾರ ಏಳು ಆಸನದವರೆಗಿನ ಕಾರುಗಳಿಗೆ ಹೆದ್ದಾರಿಯ ಸುಂಕವಿಲ್ಲ, 2012ರಿಂದ ಅಲ್ಲಿ ಹಾಗೆಯೇ ನಡೆದುಬಂದಿದೆ. ಚಾಲಕ ಮೊಬೈಲ್‌ನ ಅನುವಾದದ ಮೂಲಕ ಈ ವಿಷಯ ತಿಳಿಸಿದಾಗ ನನಗೆ ಸಂತೋಷವಾಯಿತು ಎಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಸುಂಕವಿಲ್ಲದ ರಸ್ತೆಗೆ ನಾನೊಬ್ಬನೇ ಇಳಿಯುತ್ತೇನೆಯೇ? ಬೆಳಿಗ್ಗೆ ಏಳಕ್ಕೆ ಹೊರಟೆವು. ಸುಮಾರು ಮುನ್ನೂರ ಮೂವತ್ತು ಕಿಲೋಮೀಟರ್, ಬೇರೆ ದಿನಗಳಲ್ಲಾದರೆ ನಾಲ್ಕೈದು ಗಂಟೆಯ ದಾರಿ. ದಾರಿಯ ನಡುವಿನ ಊರಾದ ಚುಷ್ಯೋಂಗ್ ತಲುಪುವ ಮೊದಲೇ ವಾಹನಗಳು ನಿಂತುಬಿಟ್ಟವು; ಜನ ಇಳಿದು ರಸ್ತೆಯ ಮೇಲೆಯೇ ಮಡಿಚುವ ಕುರ್ಚಿ ಹಾಕಿಕೊಂಡು ಇಸ್ಪೀಟು ಆಡತೊಡಗಿದರು. ಎಪ್ಪತ್ತೆರಡು ವರ್ಷದ, ಸಕ್ಕರೆ ಕಾಯಿಲೆಯ ಅಪ್ಪ ಶೌಚಾಲಯದ ಸಾಲಿನಲ್ಲಿ ನಲವತ್ತು ನಿಮಿಷ ನಿಂತರು. ಮನೆಯಿಂದ ತಂದಿದ್ದ ಕೋಡುಬಳೆಯೇ ಅಂದಿನ ಊಟ. ದಾಲಿ ಸೇರಿದಾಗ ರಾತ್ರಿ ಒಂಬತ್ತೂವರೆ. ನಾವು ಕಾದಿರಿಸಿದ್ದ ಸಣ್ಣ ವಸತಿಗೃಹದವರು ಪಾಸ್‌ಪೋರ್ಟ್ ನೋಡಿ, ವಿದೇಶಿಯರನ್ನು ನೋಂದಾಯಿಸುವ ವ್ಯವಸ್ಥೆ ತಮ್ಮಲ್ಲಿಲ್ಲವೆಂದು ಕೈ ಅಲ್ಲಾಡಿಸಿದರು. ಹನ್ನೊಂದು ಗಂಟೆಗೆ ದೊಡ್ಡ ಹೋಟೆಲೊಂದರಲ್ಲಿ ಕೇಳಿದಷ್ಟು ಕೊಟ್ಟು ಮಲಗಿದೆವು. ಬೆಳಿಗ್ಗೆ ಅಪ್ಪನ ಪಾದಗಳು ಚಪ್ಪಲಿಗೆ ಹಿಡಿಯದಷ್ಟು ಊದಿದ್ದವು. ಅರ್‌ಹಾಯ್ ಸರೋವರವನ್ನು ಹೋಟೆಲಿನ ಕಿಟಕಿಯಿಂದ ನೋಡಿದೆವು, ಲಿಜಿಯಾಂಗ್‌ಗೆ ಕಟ್ಟಿದ್ದ ಮುಂಗಡವನ್ನು ಬಿಟ್ಟುಕೊಟ್ಟೆವು. 3ನೆಯ ತಾರೀಖು ಕುನ್‌ಮಿಂಗ್ ಕಡೆಗೆ ಬರುವ ರೈಲಿನಲ್ಲಿ ಆಸನಗಳು ಧಾರಾಳವಾಗಿ ಸಿಕ್ಕವು. ಎಲ್ಲರೂ ಹೋಗುವ ದಿಕ್ಕು ಅದಾಗಿರಲಿಲ್ಲ.

ಹೀಗೆ ಅರ್ಧ ದಿನ ಕೊಟ್ಟಿದ್ದ ಊರಿನಲ್ಲಿ ಆರು ದಿನ ಉಳಿದೆವು, ಇಂದು ಮನೆಯಲ್ಲಿ ಚೀನಾ ಎಂದರೆ ಎಲ್ಲರಿಗೂ ನೆನಪಾಗುವುದು ಆ ಆರು ದಿನಗಳೇ. ಮೊದಲಿಗೆ, ಅದು ಬೆಂಗಳೂರಿನ ಹವೆಯಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್, ಕುನ್‌ಮಿಂಗ್ ಸುಮಾರು 1,890. ‘ವಸಂತ ನಗರ’ ಎಂಬ ಬಿರುದಿನ ಜೊತೆಗೆ ಅಲ್ಲಿನವರೇ ಇನ್ನೊಂದು ಮಾತು ಸೇರಿಸುತ್ತಾರೆ: ವರ್ಷವಿಡೀ ವಸಂತ, ಒಂದು ಮಳೆ ಬಿದ್ದರೆ ಚಳಿಗಾಲ. ಮೇಯಿಂದ ಅಕ್ಟೋಬರ್‌ವರೆಗೆ ಮಳೆಯ ಕಾಲ. 4ರಂದು ಮಳೆ ಹಿಡಿದಾಗ ಮಗಳು ನನ್ನ ಕೋಟನ್ನು ಹೊದ್ದುಕೊಂಡಳು. ಮರುದಿನ ಬಿಸಿಲು ಬಂದಾಗ ಎರಡು ಗಂಟೆಯಲ್ಲಿ ಅವಳ ಮೂಗು ಕೆಂಪಾಯಿತು.

ಊರಿನ ಪಶ್ಚಿಮಕ್ಕೆ, ದಿಯಾನ್‌ಚಿ ಸರೋವರದ ದಂಡೆಯಿಂದಲೇ ಎದ್ದ ಷೀಶಾನ್ ಬೆಟ್ಟದಲ್ಲಿ ಲೋಂಗ್‌ಮೆನ್ ಎಂಬ ಕಲ್ಲಿನ ಹಾದಿಯಿದೆ. ಬಂಡೆಯ ಗೋಡೆಯಲ್ಲಿ ಗುಹೆ, ಮೆಟ್ಟಿಲು, ದೇವರ ಮೂರ್ತಿಗಳನ್ನೆಲ್ಲ ಕೊರೆದು ಮಾಡಿದ್ದು. 1781ರಲ್ಲಿ ತಾವೋ ಸಂನ್ಯಾಸಿಯೊಬ್ಬ ಆರಂಭಿಸಿದ ಕೆಲಸ 1853ರಲ್ಲಿ ಮುಗಿಯಿತು. ಅಪ್ಪ ಮನಸ್ಸಿನಲ್ಲಿಯೇ ಕಳೆದು, ‘ಎಪ್ಪತ್ತೆರಡು ವರ್ಷ, ನನ್ನ ವಯಸ್ಸು’ ಎಂದು ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ಸರೋವರ ನೋಡಿದರು. ಕುರ್ಚಿಯ ರೋಪ್‌ವೇ ಇರುವುದರಿಂದ ನಿಮ್ಮ ತಾಯಿಯವರಿಗೂ ಕಷ್ಟವಾಗದು. ಇನ್ನೊಂದು ದಿನ, ಜಪಾನಿನ ದಾಳಿಯಿಂದ ತಪ್ಪಿಸಿಕೊಂಡು ಬಂದ ಮೂರು ವಿಶ್ವವಿದ್ಯಾಲಯಗಳು 1938ರಿಂದ 1946ರವರೆಗೆ ಒಂದಾಗಿ ಪಾಠ ನಡೆಸಿದ ಜಾಗಕ್ಕೆ ಹೋದೆವು. ತಗಡಿನ ಮಾಡಿನ ತರಗತಿಗಳಲ್ಲಿ ಅಲ್ಲಿ ಓದಿದ ಯಾಂಗ್ ಮತ್ತು ಲೀ 1957ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದರು. ಮಗಳಿಗಿಂತ ನನಗೇ ಅದು ಹೆಚ್ಚು ತಾಗಿತು.

ನನ್ನ ಹೆಂಡತಿಯನ್ನು ಕೇಳಿದರೆ ದೋನಾನ್ ಹೂವಿನ ಮಾರುಕಟ್ಟೆ ಎನ್ನುತ್ತಾಳೆ. ಏಷ್ಯಾದಲ್ಲಿಯೇ ಅತಿ ದೊಡ್ಡದೆಂದು ಹೆಸರಾದದ್ದು, ಸಂಜೆಯ ಮೇಲೆ ಕಳೆಗಟ್ಟುತ್ತದೆ. ಆಯುಧಪೂಜೆಯ ಹಿಂದಿನ ರಾತ್ರಿ ಅವಳು ಅಲ್ಲಿ ಹಳದಿ ಸೇವಂತಿಗೆಯ ಕಟ್ಟೊಂದನ್ನು ಎತ್ತಿಕೊಂಡಳು. ಮಾರುವಾಕೆ ನಮ್ಮ ನಗುಮುಖಗಳನ್ನು ನೋಡಿ ಕೊಡಲು ಹಿಂಜರಿದು, ಗುಲಾಬಿಯ ಕಡೆಗೆ ಕೈ ತೋರಿಸಿದಳು. ಹಳದಿ, ಬಿಳಿ ಸೇವಂತಿಗೆ ಅಲ್ಲಿ ಸಾವಿನ ಮನೆಗೆ ಒಯ್ಯುವ ಹೂವು ಎಂದು ಆಮೇಲೆ ತಿಳಿಯಿತು. ಕೊನೆಗೆ ಎರಡನ್ನೂ ಕೊಂಡು, ಮರುದಿನ ಹೋಟೆಲಿನ ಕೋಣೆಯಲ್ಲಿ ಮೊಬೈಲ್, ಕ್ಯಾಮೆರಾ, ಅಪ್ಪನ ಸಕ್ಕರೆ ಅಳೆಯುವ ಯಂತ್ರ ಇವುಗಳಿಗೆ ಪೂಜೆ ಮಾಡಿದೆವು. ಊಟದ ಚಿಂತೆಯೂ ಬೇಡ. ಮೇಕೆಹಾಲಿನ ರುಬಿಂಗ್ ಎಂಬ ಚೀಸನ್ನು ಅಲ್ಲಿ ಹುರಿದು ಕೊಡುತ್ತಾರೆ, ನಮ್ಮ ಪನೀರ್‌ನ ಅಣ್ಣನಂತಿರುತ್ತದೆ. ಆದರೆ ಪ್ರಸಿದ್ಧವಾದ ‘ಸೇತುವೆ ದಾಟುವ ಅಕ್ಕಿ ಶಾವಿಗೆ’ಯ ಸಾರು ಕೋಳಿಯದು.

ರಜೆ ಮುಗಿದ ಮರುದಿನ, ನಮ್ಮ ವಿಜಯದಶಮಿಯಂದು, ಷಿಲಿನ್ ಕಲ್ಲುಕಾಡಿಗೆ ಹೋದೆವು. ಕುನ್‌ಮಿಂಗ್ ದಕ್ಷಿಣ ನಿಲ್ದಾಣದಿಂದ ವೇಗದ ರೈಲಿನಲ್ಲಿ ಇಪ್ಪತ್ತು ನಿಮಿಷ, ಅಲ್ಲಿಂದ ಬಸ್ಸು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳವಾಗಿದ್ದ ಸುಣ್ಣಕಲ್ಲು ನೀರಿಗೆ ಕರಗಿ ಕಂಬಕಂಬವಾಗಿ ನಿಂತಿದೆ. 2007ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಹಿಂದಿನ ದಿನದವರೆಗೆ ಒಳಗೆ ಉಸಿರಾಡಲು ಜಾಗವಿರಲಿಲ್ಲವೆಂದು ಟಿಕೆಟ್ ಕೊಟ್ಟವಳು ಹೇಳಿದಳು. ಅಂದು ಕಲ್ಲುಗಳ ನಡುವೆ ನಮ್ಮ ಹೆಜ್ಜೆಯ ಸದ್ದು ನಮಗೇ ಕೇಳಿಸುತ್ತಿತ್ತು.

ಆದ್ದರಿಂದ ನಾಲ್ಕರಲ್ಲಿ ಯಾವುದನ್ನು ಬಿಡಲಿ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಮೊದಲು ಬಿಡಬೇಕಾದದ್ದು ಆ ವಾರವನ್ನು. ಅವರ ಹುಣ್ಣಿಮೆ ಹಬ್ಬ ಹತ್ತಿರ ಬಿದ್ದ ವರ್ಷ ರಜೆ ಎಂಟು ದಿನವೂ ಆಗುತ್ತದೆ. ಮಕ್ಕಳ ಶಾಲೆಯೇ ಅಡ್ಡಿಯಾದರೆ ಏಪ್ರಿಲ್‌ನ ಬೇಸಿಗೆ ರಜೆಯಲ್ಲಿ, ಮೇ 1ರ ಅವರ ಕಾರ್ಮಿಕ ದಿನದ ರಜೆಗೆ ಮೊದಲು ಮರಳುವಂತೆ ಹೋಗಿ. ಆಗ ಮಳೆಯಿಲ್ಲ, ತಿಂಗಳ ಕೊನೆಗೆ ಬೀದಿಗಳಲ್ಲಿ ಜಕರಂಡ ಅರಳುತ್ತದೆ. ಶಾಲೆಯ ತೊಡಕಿಲ್ಲದಿದ್ದರೆ ಡಿಸೆಂಬರ್. ಸೈಬೀರಿಯಾದಿಂದ ಬಂದ ಕಡಲಹಕ್ಕಿಗಳು 1985ರಿಂದ ಪ್ರತಿ ಚಳಿಗಾಲ ಊರ ನಡುವಿನ ತ್ಸುಯ್‌ಹು ಕೆರೆಯಲ್ಲಿ ತುಂಬಿರುತ್ತವೆ, ಆದರೆ ದಪ್ಪ ಸ್ವೆಟರ್ ಬೇಕು. ಕುನ್‌ಮಿಂಗ್‌ಗೆ ಐದು ದಿನ, ದಾಲಿಗೆ ಎರಡು ರಾತ್ರಿ. ಸುಮಾರು 3,200 ಮೀಟರ್ ಎತ್ತರದ ಶಾಂಗ್ರಿಲಾಕ್ಕೆ ತಾಯಿಯವರನ್ನು ಕರೆದೊಯ್ಯಬೇಡಿ. ರೈಲಿನ ಟಿಕೆಟ್ ಹದಿನೈದು ದಿನ ಮುಂಚೆ ಬಿಡುಗಡೆಯಾಗುತ್ತದೆ, ಅಂದೇ ಕೊಳ್ಳಿ. ಕಾಯ್ದಿರಿಸುವಾಗ ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನು ಇನಿಷಿಯಲ್ ಸಮೇತ ಇದ್ದಂತೆಯೇ ತುಂಬಿ.