ಚಿತ್ರ ನೋಡಿ ಹೇಳಿದರೆ ಅದು ಓದಲ್ಲ

ಪ್ರಶ್ನೆ: ಮೂರನೇ ತರಗತಿಯ ಮಗನಿಗೆ ಡಿಸ್ಲೆಕ್ಸಿಯಾ ಇದೆ. ಫ್ಲ್ಯಾಶ್‌ಕಾರ್ಡಿನ ಚಿತ್ರ ಕಂಡೊಡನೆ ಪದ ಹೇಳುತ್ತಾನೆ. ಪಾಠದಲ್ಲಿ ಅದೇ ಪದ ಬಂದರೆ ತಡವರಿಸುತ್ತಾನೆ. ಇನ್ನಷ್ಟು ಕಾರ್ಡುಗಳನ್ನು ತರಲೇ?

ಉತ್ತರ: ದಯವಿಟ್ಟು ತರಬೇಡಿ. ವಾರಕ್ಕೊಬ್ಬರಾದರೂ ಇದನ್ನೇ ಕೇಳುತ್ತಾರೆ, ಅಷ್ಟರಲ್ಲಿ ಮಗುವಿನ ಒಂದು ವರ್ಷ ಕಳೆದಿರುತ್ತದೆ. ಮರದ ಚಿತ್ರದ ಕೆಳಗೆ ‘ಗಿಡ’ ಎಂದು ಬರೆದು ತೋರಿಸಿ. ಅವನು ‘ಮರ’ ಎಂದರೆ ಅಕ್ಷರದ ಕಡೆ ನೋಡಿಯೇ ಇಲ್ಲವೆಂದು ತಿಳಿಯಿರಿ. ಡಿಸ್ಲೆಕ್ಸಿಯಾ ಕಣ್ಣಿನ ದೋಷವಲ್ಲ, ಅಕ್ಷರಕ್ಕೂ ಅದರ ಉಚ್ಚಾರಕ್ಕೂ ನಂಟು ಬೆಸೆಯುವಲ್ಲಿನ ತೊಡಕು; ಆದ್ದರಿಂದ ದೃಶ್ಯ ಸಾಧನವು ಮಗುವಿನ ನೋಟವನ್ನು ಅಕ್ಷರದತ್ತ ತರಬೇಕೇ ಹೊರತು ಅದರಿಂದ ತಪ್ಪಿಸಬಾರದು.

ಕನ್ನಡದಲ್ಲಿ ಹೆಚ್ಚಿನ ಮಕ್ಕಳು ಎಡವುವುದು ಕಾಗುಣಿತ ಮತ್ತು ಒತ್ತಕ್ಷರಗಳಲ್ಲಿ. ‘ಕಿ’ ಮತ್ತು ‘ಕೆ’ಗಳ ನಡುವೆ ಇರುವುದು ತಲೆಯ ಮೇಲಿನ ಒಂದು ಸಣ್ಣ ತಿರುವಿನ ವ್ಯತ್ಯಾಸ, ‘ಸೂರ್ಯ’ದಲ್ಲಂತೂ ಮೊದಲು ನುಡಿಯುವ ರಕಾರವನ್ನು ಅರ್ಕಾವತ್ತಾಗಿ ಯಕಾರದ ನಂತರ ಬರೆಯುತ್ತೇವೆ. ಆದ್ದರಿಂದ ರಟ್ಟಿನ ಮೇಲೆ ಕಿವಿ, ಕಿಟಕಿ, ಕೆರೆ, ಕೆನೆ, ಕೆಸರು ಎಂಬ ಐದೇ ಪದಗಳನ್ನು ದಪ್ಪವಾಗಿ ಬರೆದು, ಗುಡಿಸು ಮತ್ತು ಎತ್ವಗಳನ್ನು ಮಾತ್ರ ಕೆಂಪಿನಲ್ಲಿ ತಿದ್ದಿ, ಉಳಿದದ್ದನ್ನು ಕಪ್ಪಾಗಿಯೇ ಬಿಡಿ. ಅವನು ಬೆರಳಿನಿಂದ ಅಕ್ಷರವನ್ನು ತೀಡುತ್ತಿರುವಾಗಲೇ ಅದನ್ನು ಬಾಯಿಬಿಟ್ಟು ಹೇಳಲಿ. ‘ಕಿ-ಟ-ಕಿ’ ಎನ್ನುತ್ತಾ ಅಕ್ಷರಕ್ಕೊಂದರಂತೆ ಹುಣಸೆಬೀಜ ಇಡಲಿ. ಚಿತ್ರ ಬೇಕೇಬೇಕೆಂದರೆ ರಟ್ಟಿನ ಹಿಂಬದಿಯಲ್ಲಿರಲಿ, ಓದಿದ ಮೇಲೆ ತಿರುಗಿಸಿ ತಾನೇ ತಾಳೆ ನೋಡಲಿ. ಪಾಠ ಓದುವಾಗ ಒಂದೇ ಸಾಲು ಕಾಣುವಷ್ಟು ಕಿಂಡಿ ಕತ್ತರಿಸಿದ ರಟ್ಟನ್ನು ಪುಟದ ಮೇಲಿಟ್ಟರೆ ಸಾಲು ತಪ್ಪುವುದು ಕಡಿಮೆಯಾಗುತ್ತದೆ. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ಒಂದು ದಿನವೂ ತಪ್ಪಬಾರದು. ಪದಗಳು ಸರಾಗವಾದ ಮೇಲೆ ಕೆಂಪು ಬಣ್ಣವನ್ನು ಬಿಟ್ಟು ಬರೆದುಕೊಡಿ. ಆಗಲೂ ಓದಿದರೆ ಮುಂದಿನ ಐದಕ್ಕೆ ಹೋಗಿ, ಇಲ್ಲವಾದರೆ ಅಲ್ಲೇ ನಿಲ್ಲಿ. ಪಠ್ಯ ಮುಗಿಸುವ ಅವಸರ ಶಾಲೆಗಿರಲಿ, ನಿಮಗೆ ಬೇಡ.

ಪ್ರಶ್ನೆ: ಬಣ್ಣದ ಕನ್ನಡಕ ಕೊಡಿಸಬಹುದೇ?

ಉತ್ತರ: ಕೊಡಿಸಬೇಡಿ, ಅದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಟನೆಗಳು 2009ರಲ್ಲೇ ಜಂಟಿಯಾಗಿ ಹೇಳಿವೆ.

ಪ್ರಶ್ನೆ: ಜ್ಞಾಪಕಶಕ್ತಿಯ ಲೇಹ್ಯದಿಂದ ಗುಣವಾಗುತ್ತದೆಯೇ?

ಉತ್ತರ: ಇಲ್ಲ. ಹಾಗೆಂದು ನಂಬಿಸಿ ಹಣ ಕೀಳುವವರು ಮಕ್ಕಳಿಗೆ ದ್ರೋಹ ಮಾಡುತ್ತಿದ್ದಾರೆ.

ಪ್ರಶ್ನೆ: ಡಿಸ್ಲೆಕ್ಸಿಯಾ ಇದೆಯೆಂದು ಪ್ರಮಾಣಪತ್ರ ಮಾಡಿಸಿದರೆ ಹಣೆಪಟ್ಟಿ ಅಂಟುವುದಿಲ್ಲವೇ?

ಉತ್ತರ: ‘ದಡ್ಡ’ ಎಂಬ ಹಣೆಪಟ್ಟಿ ತರಗತಿಯಲ್ಲಿ ಈಗಾಗಲೇ ಅಂಟಿರುತ್ತದೆ. ಡಿಸ್ಲೆಕ್ಸಿಯಾ ಸೇರುವ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಲು ಆ ಕಾಗದ ಬೇಕು, ಮಾಡಿಸಿ.